ಹವಾಗುಣ ಬದಲಾವಣೆ: ಜನಜಾಗೃತಿಯ ಪಾತ್ರ

ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳ ಪ್ರಮಾಣ ಹೆಚ್ಚುತ್ತಿರುವುದರಿಂದ ಭೂಮಿಯ ಉಷ್ಣತೆ ಏರುತ್ತಿದೆ. ಈ ಸಮಸ್ಯೆಯನ್ನು ಎದುರಿಸಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 1992ರಲ್ಲಿ ಅಂಗೀಕೃತವಾದ ಚೌಕಟ್ಟು ಒಪ್ಪಂದವು 1994ರ ಮಾರ್ಚ್ 21ರಂದು ಜಾರಿಗೆ ಬಂದಿತು. ಭಾರತವು 1993ರಲ್ಲಿಯೇ ಇದನ್ನು ಸ್ಥಿರೀಕರಿಸಿತ್ತು. ಒಪ್ಪಂದದ 6ನೆಯ ವಿಧಿಯು ಶಿಕ್ಷಣ, ತರಬೇತಿ ಮತ್ತು ಜನಜಾಗೃತಿಗಳನ್ನು ಸದಸ್ಯ ರಾಷ್ಟ್ರಗಳ ಹೊಣೆಯೆಂದು ಸಾರುತ್ತದೆ. 2015ರ ಪ್ಯಾರಿಸ್ ಒಪ್ಪಂದದ 12ನೆಯ ವಿಧಿಯೂ ಇದನ್ನೇ ಪುನರುಚ್ಚರಿಸಿದೆ. ಈ ಮೂರು ಕಾರ್ಯಗಳು ಜನಜೀವನಕ್ಕೆ ಹೇಗೆ ಒದಗಿಬರುತ್ತವೆ ಎಂಬುದಕ್ಕೆ ಗುಜರಾತಿನ ನಗರಗಳು ಉತ್ತಮ ನಿದರ್ಶನಗಳಾಗಿವೆ.

ಶಿಕ್ಷಣ

ಕೇಂದ್ರ ಪರಿಸರ ಸಚಿವಾಲಯದ ನೆರವಿನಿಂದ 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರವು ಸ್ಥಾಪನೆಗೊಂಡಿತು. ಶಾಲಾ ಶಿಕ್ಷಕರಿಗೆ ತರಬೇತಿ ಹಾಗೂ ಸ್ಥಳೀಯ ಭಾಷೆಗಳಲ್ಲಿ ಪಾಠ ಸಾಮಗ್ರಿಗಳನ್ನು ಒದಗಿಸುವುದು ಇದರ ಕಾರ್ಯಗಳಲ್ಲಿ ಮುಖ್ಯವಾದುದು. 2007ರ ನವೆಂಬರಿನಲ್ಲಿ ನಾಲ್ಕನೆಯ ಅಂತರರಾಷ್ಟ್ರೀಯ ಪರಿಸರ ಶಿಕ್ಷಣ ಸಮ್ಮೇಳನವು ಇದೇ ನಗರದಲ್ಲಿ ಜರುಗಿತು.

ತರಬೇತಿ

2010ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಒಂದೇ ತಿಂಗಳಿನಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಸಂಭವಿಸಿದವೆಂದು ಬಳಿಕ ನಡೆದ ಅಧ್ಯಯನವು ತಿಳಿಸಿತು. ಇದರಿಂದ ಎಚ್ಚೆತ್ತ ಮಹಾನಗರಪಾಲಿಕೆಯು ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ಸಹಯೋಗದಿಂದ 2013ರಲ್ಲಿ ಬಿಸಿಗಾಳಿ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ಬಿಸಿಲಿನ ಬೇಗೆಯಿಂದ ಬಳಲುವವರನ್ನು ಬೇಗನೆ ಗುರುತಿಸಿ ಉಪಚರಿಸಲು ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ನಗರದ ಆಸ್ಪತ್ರೆಯೊಂದರಲ್ಲಿ ಮೇಲಂತಸ್ತಿನಲ್ಲಿದ್ದ ಹೆರಿಗೆ ವಾರ್ಡನ್ನು ಕೆಳಗಿನ ಅಂತಸ್ತಿಗೆ ಸ್ಥಳಾಂತರಿಸಿದ್ದರಿಂದ, ಶಾಖದ ಬಾಧೆಗೆ ತುತ್ತಾಗುವ ನವಜಾತ ಶಿಶುಗಳ ಸಂಖ್ಯೆ ಇಳಿಯಿತು. ಕಾರಣವನ್ನು ಅರಿತಾಗ ಪರಿಹಾರವು ಎಷ್ಟು ಸರಳವಾಗಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಜನಜಾಗೃತಿ

ಈ ಯೋಜನೆಯಲ್ಲಿ ಉಷ್ಣತೆಯ ಮುನ್ಸೂಚನೆಯನ್ನು ಆಧರಿಸಿ ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳ ಎಚ್ಚರಿಕೆಗಳನ್ನು ಹೊರಡಿಸಲಾಗುತ್ತದೆ. 45 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾದರೆ ಕೆಂಪು ಎಚ್ಚರಿಕೆ. ಭಿತ್ತಿಪತ್ರ, ದಿನಪತ್ರಿಕೆ ಹಾಗೂ ಮೊಬೈಲ್ ಸಂದೇಶಗಳ ಮೂಲಕ ಸುದ್ದಿ ಜನರನ್ನು ತಲುಪುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಯೋಜನೆಯ ಆರಂಭದ ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿದವು.

ನೆರೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. 2006ರ ಆಗಸ್ಟ್‌ನಲ್ಲಿ ಉಕಾಯಿ ಜಲಾಶಯದಿಂದ ಹರಿಸಿದ ನೀರಿನಿಂದ ತಾಪಿ ನದಿಯು ಉಕ್ಕಿ ಸೂರತ್ ನಗರದ ಬಹುಭಾಗವು ಜಲಾವೃತವಾಯಿತು. ಅನಂತರ ಮಳೆ ಮತ್ತು ಜಲಾಶಯದ ಒಳಹರಿವಿನ ಮಾಹಿತಿಯನ್ನು ಜೋಡಿಸಿ ನಗರಕ್ಕೆ ಮುನ್ನೆಚ್ಚರಿಕೆ ನೀಡುವ ವ್ಯವಸ್ಥೆಯು ರೂಪುಗೊಂಡಿತು. 2024ರ ಆಗಸ್ಟ್‌ನಲ್ಲಿ ವಡೋದರದಲ್ಲಿ ವಿಶ್ವಾಮಿತ್ರಿ ನದಿಯು ಉಕ್ಕಿದಾಗ ಮೊಸಳೆಗಳು ಸಹ ಜನವಸತಿಗಳಿಗೆ ಬಂದವು. ಇಂತಹ ಸಂದರ್ಭಗಳಲ್ಲಿ ಯಾವ ದಾರಿ ಸುರಕ್ಷಿತ, ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬ ಅರಿವು ಮನೆಮನೆಯಲ್ಲಿಯೂ ಇರಬೇಕಾಗುತ್ತದೆ.

ನಾವು ಮಾಡಬೇಕಾದುದು

ಕಲಬುರಗಿ, ರಾಯಚೂರುಗಳ ಬೇಸಿಗೆಯನ್ನು ಬಲ್ಲ ಕನ್ನಡಿಗರಿಗೆ ಈ ಪಾಠವು ದೂರದ್ದಲ್ಲ.

1. ಬಿಸಿಗಾಳಿಯ ಎಚ್ಚರಿಕೆ ಬಂದ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ದುಡಿಮೆಯನ್ನು ತಪ್ಪಿಸಬೇಕು. ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ ಕುಡಿಯಬೇಕು.
2. ವೃದ್ಧರು, ಶಿಶುಗಳು ಮತ್ತು ಗರ್ಭಿಣಿಯರ ಬಗ್ಗೆ ವಿಶೇಷ ಗಮನವಿರಬೇಕು.
3. ಬಿಸಿಲಿನಲ್ಲಿ ಪ್ರಜ್ಞೆ ತಪ್ಪಿದವರನ್ನು ನೆರಳಿಗೆ ಸಾಗಿಸಿ, ಮೈಯನ್ನು ನೀರಿನಿಂದ ತಣಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅವರ ಬಾಯಿಗೆ ನೀರು ಹಾಕಬಾರದು.

ಮುನ್ಸೂಚನೆ ನೀಡುವುದು ಸರ್ಕಾರದ ಕರ್ತವ್ಯ. ಅದನ್ನು ಅರಿತು ನಡೆದು, ಓದುಬರಹ ತಿಳಿಯದ ನೆರೆಯವರಿಗೂ ತಿಳಿಸಿಕೊಡುವುದು ನಮ್ಮೆಲ್ಲರ ಕರ್ತವ್ಯವಾಗಿದೆ.