ಒಂದಕ್ಕೆ ತಡ ಬೇಡ, ಇನ್ನೊಂದಕ್ಕೆ ಅವಸರ ಬೇಡ

ಚೆನ್ನೈಯ ಟಿ. ನಗರದಲ್ಲಿ ನೆಲೆ ನಿಂತ ನಮ್ಮ ಕನ್ನಡದ ಮಕ್ಕಳಿಗೆ ಹಿರಿಯಳಾಗಿ ಹೇಳುವ ಮಾತಿದು. ಕೆಲಸ ಸಿಕ್ಕಿ ಬಂದವರು, ಮದುವೆಯಾಗಿ ಬಂದವರು, ಹಬೀಬುಲ್ಲಾ ರಸ್ತೆಯ ಕರ್ನಾಟಕ ಸಂಘದ ಶಾಲೆಯಲ್ಲಿ ಓದಿ ಇಲ್ಲೇ ಬೆಳೆದವರು, ಎಲ್ಲರೂ ಕೇಳಿ. ಗಂಡುಮಕ್ಕಳು ಎದ್ದು ಹೋಗಬೇಡಿ, ನಿಮಗೂ ಇದರಲ್ಲಿ ಪಾಲಿದೆ. ನಾನು ಡಾಕ್ಟರಲ್ಲ. ಊರಿನಿಂದ ಚಿಕಿತ್ಸೆಗೆಂದು ಬಂದ ನೆಂಟರಿಗೆ, ನೆಂಟರ ನೆಂಟರಿಗೆ ತಮಿಳಿನಲ್ಲಿ ಮಾತಾಡಿಕೊಡಲು ಹೋಗಿ, ಆಸ್ಪತ್ರೆಗಳ ಬೆಂಚಿನ ಮೇಲೆ ಕೂತು ಕೂತು ಒಂದು ವಿಷಯ ಕಂಡುಕೊಂಡಿದ್ದೇನೆ. ಎದೆಯ ಗಂಟಿಗೆ ನಮ್ಮವರು ತಡ ಮಾಡುತ್ತಾರೆ. ಕತ್ತಿನ ಗಂಟಿಗೆ ಅವಸರ ಮಾಡುತ್ತಾರೆ. ಆಗಬೇಕಾದದ್ದು ಹೆಚ್ಚಿನ ಸಲ ಇದರ ತಿರುಗುಮುರುಗು.

ಎದೆಯ ವಿಷಯ ಮೊದಲು. ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಮುಂದಿರುವುದು ಸ್ತನ ಕ್ಯಾನ್ಸರ್. ಶುರುವಿನಲ್ಲಿ ಆ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಮೋಸ ಇರುವುದೇ ಅಲ್ಲಿ. ನೋವಿಲ್ಲವಲ್ಲ, ದೀಪಾವಳಿ ಕಳೆಯಲಿ, ಮಗುವಿನ ಪರೀಕ್ಷೆ ಮುಗಿಯಲಿ, ನಾದಿನಿಯ ಮದುವೆ ಆಗಲಿ ಎಂದು ತಿಂಗಳುಗಳು ಉರುಳುತ್ತವೆ. ಗಂಟು, ಕಂಕುಳಲ್ಲಿ ಗಡ್ಡೆ, ತೊಟ್ಟು ಒಳಗೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ವಾರವೇ ಡಾಕ್ಟರಿಗೆ ತೋರಿಸಿ. ಹತ್ತು ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಬೇಕಾದದ್ದು ಸೂಜಿ ಪರೀಕ್ಷೆ, ಎಂದರೆ ಬಯಾಪ್ಸಿ, ಪಕ್ಕದ ಮನೆಯವರಲ್ಲ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಆ ಭಯಕ್ಕೆ ಆಧಾರವಿಲ್ಲ.

ಕ್ಯಾನ್ಸರಿನ ನೋವು ಈ ಊರಿಗೆ ಹೊಸತಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿ 1923ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖವನ್ನು ಅವರು ಹಟವಾಗಿ ಮಾಡಿಕೊಂಡರು. ಆ ಹಟದಿಂದ 1954ರಲ್ಲಿ ಅಡ್ಯಾರಿನಲ್ಲಿ ಹನ್ನೆರಡು ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆ ಶುರುವಾಯಿತು. ಮರುವರ್ಷ ಅಲ್ಲಿ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯನ್ನು ಬಿಡಲಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬಂತು. ಊರಿನ ನೆಂಟರು ಫೋನ್ ಮಾಡಿದರೆ ಇದನ್ನೂ ಹೇಳಿ: ಎಲ್ಲದಕ್ಕೂ ಚೆನ್ನೈ ರೈಲು ಹತ್ತಬೇಕಾಗಿಲ್ಲ. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆ ಇದು, ಮನೆಗೆ ಹತ್ತಿರವಿದ್ದಷ್ಟೂ ನಡುವೆ ಬಿಟ್ಟುಹೋಗುವ ಸಂಭವ ಕಡಿಮೆ.

ತಡ ಮಾಡುವುದಕ್ಕೆ ಇನ್ನೊಂದು ಕಾರಣ, ಎದೆಯನ್ನೇ ತೆಗೆದುಬಿಡುತ್ತಾರೆ ಎಂಬ ಭಯ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 1890ರ ದಶಕದಲ್ಲಿ ರೂಢಿಗೆ ತಂದ ಆಪರೇಷನ್ನಿನಲ್ಲಿ ಸ್ತನದ ಜೊತೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವೂ ಹೋಗುತ್ತಿದ್ದವು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಸುರಕ್ಷಿತ ಎಂದು ಮುಕ್ಕಾಲು ಶತಮಾನ ನಂಬಿದ್ದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ಕೇಳಿದವರಲ್ಲಿ ಮುಖ್ಯರು ಇಬ್ಬರು: ಅಮೆರಿಕದ ಬರ್ನಾರ್ಡ್ ಫಿಷರ್, ಇಟಲಿಯ ಉಂಬೆರ್ತೊ ವೆರೊನೇಸಿ. ವಾದ ಮಾಡುತ್ತ ಕೂರದೆ ಪ್ರಯೋಗಕ್ಕೆ ಇಳಿದರು. ವೆರೊನೇಸಿ ಮಿಲಾನಿನಲ್ಲಿ 1973ರಿಂದ 1980ರವರೆಗೆ 701 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೆಯ ದೊಡ್ಡ ಆಪರೇಷನ್, ಇನ್ನೊಂದಕ್ಕೆ ಗಂಟಿರುವ ಭಾಗವನ್ನಷ್ಟೇ ತೆಗೆದು ರೇಡಿಯೇಷನ್. ಇಪ್ಪತ್ತು ವರ್ಷ ಕಾದು ನೋಡಿದರು. 2002ರಲ್ಲಿ ಫಿಷರ್, ವೆರೊನೇಸಿ ಇಬ್ಬರ ಪ್ರಯೋಗದ ಲೆಕ್ಕವೂ ಹೊರಬಂತು. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ.

ಹಾಗಾಗಿ ಬೇಗ ಹೋದವಳಿಗೆ ಆಯ್ಕೆ ಇದೆ. ತಡವಾಗಿ ಹೋದವಳಿಗೂ ಕೆಲವೊಮ್ಮೆ ಮೊದಲು ಕಿಮೋ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಸಣ್ಣ ಆಪರೇಷನ್ ಮಾಡುತ್ತಾರೆ. ಸರ್ಜನ್ ಎದುರು ಕೂತಾಗ ಕೇಳಿ: ಬಯಾಪ್ಸಿಯಲ್ಲಿ ಯಾವ ಬಗೆ ಎಂದು ಬಂದಿದೆ? ಸ್ತನ ಉಳಿಸಲು ಆಗುತ್ತದೆಯೇ? ಉಳಿಸಿದರೆ ಎಷ್ಟು ವಾರ ರೇಡಿಯೇಷನ್? ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಲೇಬೇಕೇ? ಎಲ್ಲ ತೆಗೆದರೆ ಕೈ ಊದಿಕೊಳ್ಳುವ ತೊಂದರೆ ಹೆಚ್ಚು. ಹಾಗಾಗಿ ಈಗ ತಕ್ಕವರಿಗೆ ರೋಗ ಹರಡಿದರೆ ಮೊದಲು ತಲುಪುವ ಕೆಲವು ಗ್ರಂಥಿಗಳನ್ನಷ್ಟೇ ತೆಗೆದು ನೋಡುತ್ತಾರೆ. ಬಯಾಪ್ಸಿ ವರದಿ ಇಲ್ಲದೆ ನಾಳೆಯೇ ಆಪರೇಷನ್ ಎನ್ನುವವರು ಸಿಕ್ಕರೆ, ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ನಾಲ್ಕು ದಿನ ಅದಕ್ಕೆ ಹೋದರೆ ನಷ್ಟವಿಲ್ಲ, ನಾಲ್ಕು ತಿಂಗಳು ಹೋಗಬಾರದು.

ಇನ್ನು ಕತ್ತಿನ ಗಂಟು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಆಪರೇಷನ್ ಒಂದು ಕಾಲಕ್ಕೆ ಸಾವಿಗೆ ಸಮ. ಅದನ್ನು ನಯವಾದ, ರಕ್ತ ಸುರಿಯದ ಕೆಲಸವನ್ನಾಗಿ ಮಾಡಿದವರು ಸ್ವಿಟ್ಜರ್ಲೆಂಡಿನ ಥಿಯೊಡರ್ ಕೋಖರ್. 1909ರಲ್ಲಿ ನೊಬೆಲ್ ಪಡೆದ ಮೊದಲ ಸರ್ಜನ್ ಅವರೇ. ಇವತ್ತು ಆಪರೇಷನ್ ಸುಲಭವಾಗಿದೆ. ಸುಲಭವಾಯಿತೆಂದೇ ಬೇಡದವರಿಗೂ ಆಗುವ ಅಪಾಯ ಹುಟ್ಟಿಕೊಂಡಿದೆ.

ದಕ್ಷಿಣ ಕೊರಿಯಾದ ಕಥೆ ಕೇಳಿ. ಅಲ್ಲಿ ಆರೋಗ್ಯ ತಪಾಸಣೆಯ ಪ್ಯಾಕೇಜಿನ ಜೊತೆ ಕತ್ತಿನ ಸ್ಕ್ಯಾನ್ ಕೂಡ ಮಾಡುವ ರೂಢಿ ಬಂತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದ ಪ್ರಮಾಣ 1993ಕ್ಕಿಂತ ಹದಿನೈದು ಪಟ್ಟು ಏರಿತ್ತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದರೆ, ಎಂದೂ ಕಾಟ ಕೊಡದ ಸಣ್ಣ ಗಂಟುಗಳನ್ನು ಹುಡುಕಿ ಹುಡುಕಿ ಕತ್ತರಿಸಿದ್ದರು. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ಗ್ರಂಥಿಗಳಿವೆ, ಸಾಮಾನ್ಯವಾಗಿ ನಾಲ್ಕು. ಮೈಯ ಕ್ಯಾಲ್ಸಿಯಂ ನೋಡಿಕೊಳ್ಳುವವು ಅವು. ಪಕ್ಕದಲ್ಲೇ ದನಿಯ ನರ. ಕೊರಿಯಾದಲ್ಲಿ ಆಪರೇಷನ್ ಆದ ನೂರರಲ್ಲಿ ಸುಮಾರು 11 ಮಂದಿಗೆ ಆ ಗ್ರಂಥಿಗಳ ಕೆಲಸ ಕುಂದಿತು, ಸುಮಾರು ಇಬ್ಬರಿಗೆ ದನಿ ಕೆಟ್ಟಿತು.

ಜಪಾನಿನ ಕೋಬೆಯಲ್ಲಿ ಕುಮಾ ಆಸ್ಪತ್ರೆಯವರು 1993ರಿಂದಲೇ ಬೇರೆ ದಾರಿ ಹಿಡಿದಿದ್ದರು. ಒಂದು ಸೆಂಟಿಮೀಟರಿನೊಳಗಿನ, ಅಪಾಯದ ಲಕ್ಷಣಗಳಿಲ್ಲದ, ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರನ್ನು ಕತ್ತರಿಸದೆ, ಸ್ಕ್ಯಾನಿನಲ್ಲಿ ನೋಡುತ್ತಾ ಬಂದರು. ಹತ್ತು ವರ್ಷದಲ್ಲಿ ಗಮನಿಸುವಷ್ಟು ಬೆಳೆದವು ನೂರರಲ್ಲಿ ಸುಮಾರು ಎಂಟು. ಅವಕ್ಕೆ ಆಗ ಆಪರೇಷನ್ ಮಾಡಿದರು, ತಡವಾಯಿತು ಎನ್ನುವ ಹಾಗಾಗಲಿಲ್ಲ.

ಇದರ ಅರ್ಥ ಕತ್ತಿನ ಗಂಟನ್ನು ಅಲಕ್ಷಿಸಿ ಎಂದಲ್ಲ. ಗಂಟು ಬೇಗ ಬೆಳೆದರೆ, ದನಿ ಬದಲಾದರೆ, ನುಂಗಲು ಕಷ್ಟವಾದರೆ, ಕತ್ತಿನ ಪಕ್ಕ ಗಟ್ಟಿ ಗಡ್ಡೆ ಸಿಕ್ಕರೆ, ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದರೆ ಕಾಯಬೇಡಿ. ಯಾವ ತೊಂದರೆಯೂ ಇಲ್ಲದೆ ರಿಯಾಯಿತಿ ದರದ ಪ್ಯಾಕೇಜಿನಲ್ಲಿ ಕಂಡ ಸಣ್ಣ ಗಂಟಿಗಾದರೆ ಕೇಳಿ: ಅಳತೆ ಎಷ್ಟು? ಸೂಜಿ ಪರೀಕ್ಷೆ ಬೇಕೇ? ಕಾದು ನೋಡಬಹುದೇ? ಅರ್ಧ ಗ್ರಂಥಿ ತೆಗೆದರೆ ಸಾಕೇ? ಪೂರ್ತಿ ತೆಗೆದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ಜೀವನಪರ್ಯಂತ. ಅದು ದೊಡ್ಡ ಕಷ್ಟವಲ್ಲ, ಆದರೆ ತಿಳಿದು ಒಪ್ಪಬೇಕು.

ಸಂಶೋಧನೆ ಎಂದರೆ ಮುಖ ಸಿಂಡರಿಸಬೇಡಿ. ನಮ್ಮನ್ನು ಇಲಿ ಮಾಡುತ್ತಾರೆ ಎಂದು ಆಸ್ಪತ್ರೆಗಳಲ್ಲಿ ನಮ್ಮವರೇ ಗೊಣಗುವುದನ್ನು ಕೇಳಿದ್ದೇನೆ. ಮಿಲಾನಿನ ಆ 701 ಮಂದಿ ಒಪ್ಪದಿದ್ದರೆ ಇವತ್ತಿಗೂ ನಮ್ಮ ಹುಡುಗಿಯರು ಪೂರ್ತಿ ಎದೆ ಕಳೆದುಕೊಳ್ಳುತ್ತಿದ್ದರು. ನಮ್ಮ ದೇಶದ್ದನ್ನೇ ನೋಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಅಧ್ಯಯನ ಮಾಡಿ 2021ರಲ್ಲಿ ಹೇಳಿದರು: ತರಬೇತಾದ ಆರೋಗ್ಯ ಕಾರ್ಯಕರ್ತೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದರೆ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗುತ್ತದೆ. 2023ರಲ್ಲಿ ಅದೇ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು, ಆಪರೇಷನ್ನಿಗೆ ಕೆಲವೇ ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಎಂಬ ಅಗ್ಗದ ಅರಿವಳಿಕೆ ಚುಚ್ಚಿದಾಗ ಐದು ವರ್ಷ ಬದುಕುಳಿದವರು ನೂರಕ್ಕೆ 86ರಿಂದ 90ಕ್ಕೆ ಏರಿದರು ಎಂದು ತೋರಿಸಿದರು. ಸುಮಾರು 1,600 ಮಂದಿ ಭಾರತದ ಹೆಂಗಸರು ಒಪ್ಪಿದ್ದರಿಂದ ತಿಳಿದದ್ದು ಅದು. ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದರೆ ನಿಮಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಪತ್ರ ಕೇಳಿ, ಸರ್ಕಾರಿ ನೋಂದಣಿ ಇದೆಯೇ ಎಂದು ವಿಚಾರಿಸಿ. ಬೇಡವೆನಿಸಿದಾಗ ಹೊರಬರುವ ಹಕ್ಕು ನಿಮಗಿದೆ. ತೃಪ್ತಿಯಾದರೆ ಧೈರ್ಯವಾಗಿ ಸೇರಿ.

ಗಂಡುಮಕ್ಕಳಿಗೆ ಒಂದು ಮಾತು. ಹೆಂಡತಿಯನ್ನು ಅವಳ ತಾಯಿಯ ಜೊತೆ ಕಳಿಸಿ ಆಫೀಸಿಗೆ ಹೋಗಬೇಡಿ. ವರದಿ ಓದುವಾಗ ಪಕ್ಕದಲ್ಲಿರಿ. ಆಯ್ಕೆ ಅವಳದು, ಅವಳ ಪರವಾಗಿ ತಲೆಯಾಡಿಸಬೇಡಿ. ಅಪರೂಪಕ್ಕೆ ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದೂ ನೆನಪಿರಲಿ.

ಸಂಜೆ ಊರಿಗೆ ಫೋನ್ ಮಾಡಿದಾಗ ಊಟ ಆಯಿತಾ ಎಂದು ಅಮ್ಮನನ್ನು ಕೇಳುತ್ತೀರಲ್ಲ, ಅದರ ಜೊತೆಗೆ ಎದೆಯಲ್ಲಿ ಗಂಟೇನಾದರೂ ಇದೆಯಾ ಎಂದೂ ಕೇಳಿ. ಅಮ್ಮ ನಾಚಿಕೊಂಡರೆ ಅಕ್ಕನ ಕೈಲಿ ಕೇಳಿಸಿ. ಉತ್ತರ ಬರುವವರೆಗೆ ಬಿಡಬೇಡಿ.