ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ

ಆಟೋಮ್ಯಾಟಿಕ್ ಕಾರು ತಗೊಂಡಿದ್ದೀರಿ, ಒಳ್ಳೆಯದಾಯಿತು. ಎಡಗಾಲಿನ ಕೆಲಸ ತಪ್ಪಿತು. ಗೇರು ತಾನೇ ಬೀಳುತ್ತದೆ ಅಂತ ಅದರ ಕಡೆ ಕಿವಿಯನ್ನೇ ಕೊಡದಿದ್ದರೆ ಹೇಗೆ? 'ಡಿ'ಗೆ ಹಾಕಿದ ಮೇಲೆ ಎರಡು ಕ್ಷಣ ತಡೆದು ಧಡ್ ಅಂತ ಜಗ್ಗಿದರೂ, ಇರಲಿ ಬಿಡು ಅಂದುಕೊಂಡು ಸೇಡಂನಿಂದ ಚಿಂಚೋಳಿಗೆ ಹೊರಟುಬಿಡುತ್ತೀರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವಂತೆ ಆಗಬಾರದು.

ಮೊದಲು ನಿಮ್ಮದು ಎಎಂಟಿಯೋ, ಟಾರ್ಕ್ ಕನ್ವರ್ಟರೋ, ಸಿವಿಟಿಯೋ, ಯಾವ ಬಗೆಯ ಗೇರ್‌ಬಾಕ್ಸ್ ಅಂತ ತಿಳಿದುಕೊಳ್ಳಿ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎಎಂಟಿ ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಗೇರು ಬದಲಾಗುವಾಗ ತುಸು ತಲೆದೂಗಿಸುವುದು ಅದರ ಸ್ವಭಾವ, ರೋಗವಲ್ಲ. ಇಂಜಿನ್ ಕೂಗು ಏರುತ್ತಿದ್ದು ಕಾರು ಮುಂದೆ ಸಾಗದಿದ್ದರೆ ಮಾತ್ರ ಕ್ಲಚ್ ಜಾರುತ್ತಿದೆ ಅಂತ ಅನುಮಾನಿಸಿ.

ಆ ಕ್ಲಚ್ ಸವೆಸುವವರು ಬಹಳ ಸಲ ನೀವೇ. ವಾಡಿಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಸಿಕ್ಕಿದಾಗ ಇಂಚಿಂಚು ತೆವಳಬೇಡಿ. ನಾಲ್ಕು ಮಾರು ಜಾಗ ಬಿಡುವ ತನಕ ಬ್ರೇಕ್ ಹಿಡಿದು ನಿಂತು, ಆಮೇಲೆ ಮುಂದೆ ಹೋಗಿ. ಚಿಂಚೋಳಿಯ ಕಾಡಿನ ಏರಿನಲ್ಲಿ ಎಕ್ಸಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವುದಂತೂ ಬೇಡವೇ ಬೇಡ. ಸುಟ್ಟ ವಾಸನೆ ಬಂತೆಂದರೆ ಬದಿಗೆ ನಿಲ್ಲಿಸಿ ಆರಲು ಬಿಡಿ.

ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದವರಿಗೆ ಒಂದು ಅನುಕೂಲ ಇದೆ. ಕಲ್ಲು ತೊಳೆದು ಒಣಗಿಸಿ, ರಾತ್ರಿ ಕಾರು ನಿಲ್ಲಿಸಿ ಬೆಳಿಗ್ಗೆ ಬಗ್ಗಿ ನೋಡಿ. ನೀರಿನ ಹನಿ ಎಸಿಯದು, ಚಿಂತೆ ಬೇಡ. ಜಿಡ್ಡಾದ ಕೆಂಪು ಕಲೆ ಕಂಡರೆ ಅದು ಹೆಚ್ಚಾಗಿ ಗೇರ್ ಎಣ್ಣೆ. ಟಾರ್ಕ್ ಕನ್ವರ್ಟರ್ ಕಾರಿಗೆ ಆ ಎಣ್ಣೆಯೇ ಜೀವ. ಕಡಿಮೆಯಾದರೆ ಗೇರು ತಡವಾಗಿ ಬೀಳುತ್ತದೆ, ಜಾರುತ್ತದೆ. ಹಾಗಂತ ಡಬ್ಬಿಯಲ್ಲಿ ಇದ್ದ ಯಾವುದೋ ಕೆಂಪೆಣ್ಣೆ ಸುರಿಸಬೇಡಿ. ಸಿವಿಟಿ ಎಣ್ಣೆಯೇ ಬೇರೆ, ಇದೇ ಬೇರೆ.

'ಪಿ'ಯಿಂದ ಲಿವರ್ ಅಲುಗದಿದ್ದರೆ ಗಾಬರಿಯಾಗಬೇಡಿ. ಬ್ರೇಕ್ ಒತ್ತಿ, ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಅಂತ ಮಗನಿಗೆ ನೋಡಲು ಹೇಳಿ. ಹತ್ತದಿದ್ದರೆ ಫ್ಯೂಸೋ ಬ್ರೇಕ್ ಸ್ವಿಚ್ಚೋ ಹೋಗಿರಬಹುದು. ಎಎಂಟಿಗೆ ಬ್ಯಾಟರಿ ಬಲ ಕುಂದಿದರೂ ಗೇರು ಕೈಕೊಡುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಗ್ಯಾರೇಜಿಗೆ ಹೋಗಿ "ಗೇರು ಸರಿ ಇಲ್ಲ" ಅಂದರೆ ಮೆಕ್ಯಾನಿಕ್‌ಗೆ ಏನು ತಿಳಿಯಬೇಕು? ತೊಂದರೆ ಬರುವುದು ಬೆಳಿಗ್ಗೆ ತಣ್ಣಗಿದ್ದಾಗಲೋ, ಮೇ ತಿಂಗಳ ಬಿಸಿಲಲ್ಲಿ ಚಿತ್ತಾಪುರದ ತನಕ ಓಡಿದ ಮೇಲೋ, ಎಷ್ಟನೇ ಗೇರಿನಲ್ಲೋ, ನಾಲ್ಕು ದಿನ ಚೀಟಿಯಲ್ಲಿ ಬರೆದಿಡಿ. ಸ್ಕ್ಯಾನರ್ ಹಾಕಿಸಿ ಕೋಡ್ ಬರೆಸಿಕೊಳ್ಳಿ. ಕೋಡ್ ಹೇಳುವುದು ನೋವು ಎಲ್ಲಿದೆ ಅಂತ, ಯಾವ ಭಾಗ ಬದಲಿಸಬೇಕು ಅಂತಲ್ಲ. ಅದನ್ನು ನೋಡದೆ ಗೇರ್‌ಬಾಕ್ಸ್ ಇಳಿಸೋಣ ಅನ್ನುವವರಿಗೆ ಒಪ್ಪಬೇಡಿ. ಕಾರು ಓಡದೇ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ, ಕಾರಿನ ನಾಲ್ಕೂ ಚಕ್ರ ನೆಲ ಮುಟ್ಟದಂತೆ ಹೊತ್ತೊಯ್ಯುವ ಲಾರಿ ತರಿಸಿ.

ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಬಿದ್ದಿರಬೇಕು. ಇವತ್ತು ಸಂಜೆಯೇ ತೆಗೆದು, ಗೇರ್ ಎಣ್ಣೆಯ ಹೆಸರನ್ನು ಬರೆದಿಟ್ಟುಕೊಳ್ಳಿ.