ಕೆಟ್ಟಿದ್ದು ರ‍್ಯಾಮ್, ಕೊಂಡಿದ್ದು ಕಂಪ್ಯೂಟರ್

2023ರ ಮೇ ತಿಂಗಳಲ್ಲಿ ಈ ಅಂಕಣದ ಲೇಖಕಿ 49,000 ರೂಪಾಯಿ ಕೊಟ್ಟು ಹೊಸ ಕಂಪ್ಯೂಟರ್ ಕೊಂಡರು. ಹಳೆಯದಕ್ಕೆ ಬೇಕಾಗಿದ್ದದ್ದು 1,750 ರೂಪಾಯಿಯ ಒಂದು ರ‍್ಯಾಮ್ ಮಾತ್ರ. ಅದು ಗೊತ್ತಾಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು.

ಹಳೆಯ ಡೆಸ್ಕ್‌ಟಾಪ್ 2018ರದ್ದು, ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್. ಮಾರ್ಚ್ ಕೊನೆಯಲ್ಲಿ ತೆರಿಗೆ ಲೆಕ್ಕಕ್ಕೆ ಕೂತಾಗ ಕಂಪ್ಯೂಟರ್ ಕ್ರ್ಯಾಶ್ ಆಗಿ ಮೊದಲ ನೀಲಿ ಪರದೆ ಬಂತು. ದಿನಕ್ಕೊಮ್ಮೆ ಬರುತ್ತಿದ್ದದ್ದು ವಾರದೊಳಗೆ ಗಂಟೆಗೊಮ್ಮೆಯಾಯಿತು. ರಿಪೇರಿಗೆ ಬಂದ ಹುಡುಗ, "ಮೇಡಂ, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಬೇಕು" ಎಂದ. 700 ರೂಪಾಯಿ. ಎಂಟು ದಿನ ಸರಿಯಿತ್ತು. ಮತ್ತೆ ಕ್ರ್ಯಾಶ್, ಮತ್ತೆ ಫಾರ್ಮ್ಯಾಟ್, ಮತ್ತೆ 700. ಮೂರನೇ ಸಲ, ವೈರಸ್ ಅಲ್ಲೇ ಅಡಗಿರಬಹುದೆಂದು ಡಿ ಡ್ರೈವನ್ನೂ ಅಳಿಸಿದ. ಲೇಖಕಿ ಹೂಂ ಎಂದರು. ಹನ್ನೆರಡು ವರ್ಷದ ಮನೆ ಲೆಕ್ಕ, ಮನೆ ವಿಸ್ತರಿಸಿದಾಗಿನ ಬಿಲ್ಲುಗಳ ಸ್ಕ್ಯಾನ್, ತಾಯಿಯ ಕೊನೆಯ ವರ್ಷದ ಫೋಟೊಗಳು, ಎಲ್ಲ ಅದರಲ್ಲೇ ಇದ್ದವು.

ಫಾರ್ಮ್ಯಾಟ್ ಯಾಕೆ ಫಲಿಸಲಿಲ್ಲ ಎಂಬುದು ಈಗ ಸ್ಪಷ್ಟ. ಹೊಸದಾಗಿ ಹಾಕುವ ವಿಂಡೋಸ್‌ನ ಪ್ರತಿ ಫೈಲೂ ರ‍್ಯಾಮ್ ದಾಟಿಯೇ ಡಿಸ್ಕಿಗೆ ಹೋಗಬೇಕು. ರ‍್ಯಾಮ್‌ನಲ್ಲೇ ದೋಷವಿದ್ದರೆ ಹೊಸ ಫೈಲೂ ಕೆಟ್ಟೇ ಕೂರಬಹುದು. ಸುಳಿವೂ ಕಣ್ಣೆದುರಿಗೇ ಇತ್ತು: ನೀಲಿ ಪರದೆಯ ಮೇಲೆ ಒಂದು ದಿನ 'ಮೆಮೊರಿ ಮ್ಯಾನೇಜ್‌ಮೆಂಟ್', ಮರುದಿನ 'ಪೇಜ್ ಫಾಲ್ಟ್', ಇನ್ನೊಂದು ದಿನ ಮತ್ತೇನೋ. ಹೀಗೆ ಸಂಕೇತ ಬದಲಾಗುತ್ತಲೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ರ‍್ಯಾಮನ್ನು.

ಆ ಗಾಬರಿಯಲ್ಲಿ ಲೇಖಕಿ ಕಂಪ್ಯೂಟರ್ 'ಸ್ವಚ್ಛ' ಮಾಡುವ ತಂತ್ರಾಂಶವೊಂದಕ್ಕೂ 1,499 ರೂಪಾಯಿ ಕಟ್ಟಿದರು. 2,300 ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ತೋರಿಸಿ, ಹಣ ಬಿದ್ದ ಮೇಲೆ ಎಲ್ಲ ಸರಿಹೋಯಿತು ಎನ್ನುವ ಸರಕು ಇದು. ಇಂಥ ರಿಜಿಸ್ಟ್ರಿ ಕ್ಲೀನರ್‌ಗಳನ್ನು ತಾನು ಬೆಂಬಲಿಸುವುದಿಲ್ಲ ಎಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಹೆದರಿದವರ ಜೇಬಿಗೆ ಕೈಹಾಕುವ ಇಂಥದ್ದಕ್ಕೆ ಯಾರೂ ಒಂದು ರೂಪಾಯಿಯನ್ನೂ ಕೊಡಬಾರದು. ಸಾಲದೆಂಬಂತೆ ಅದು ಆಟೊ ರಿನ್ಯೂವಲ್. ಕಾರ್ಡಿನಿಂದ ಹಣ ಕಡಿತವಾಗುವ 24 ಗಂಟೆ ಮೊದಲೇ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವುದರಿಂದ ಸಂದೇಶ ಬಂತು, ರದ್ದು ಮಾಡಿದ್ದರಿಂದ ಮರುವರ್ಷದ ಕಡಿತ ನಿಂತಿತು.

ಕೊನೆಗೆ ಅಂಗಡಿಯೊಂದರಲ್ಲಿ "ಮದರ್‌ಬೋರ್ಡ್ ಹೋಗಿದೆ. ಹೇಗೂ ಇದಕ್ಕೆ ವಿಂಡೋಸ್ 11 ಹಾಕೋಕಾಗಲ್ಲ" ಎಂದರು. ಮೈಕ್ರೋಸಾಫ್ಟ್‌ನ ಪರೀಕ್ಷೆಯೂ 'ಅರ್ಹವಲ್ಲ' ಎಂದೇ ತೋರಿಸಿತು. ನಿಜವೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನಿಂದಲೇ ವಿಂಡೋಸ್ 11ಕ್ಕೆ ಅರ್ಹತೆ ಶುರು. ಅಡ್ಡಿಯಾಗಿದ್ದದ್ದು ಟಿಪಿಎಂ ಎಂಬ ಭದ್ರತಾ ಸೌಲಭ್ಯ, ಬಯಾಸ್‌ನಲ್ಲಿ ಅದು ಆಫ್ ಆಗಿತ್ತು, ಅಷ್ಟೇ. ಆನ್ ಮಾಡಲು ಎರಡು ನಿಮಿಷ ಸಾಕಿತ್ತು. ಅದನ್ನು ಯಾರೂ ಹೇಳಲಿಲ್ಲ, ಲೇಖಕಿಯೂ ಕೇಳಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. 49,000 ಪೂರ್ತಿ ನಷ್ಟ ಎನ್ನುವುದು ಸರಿಯಲ್ಲ, ಹೊಸ ಯಂತ್ರ ಕೆಲಸ ಮಾಡುತ್ತಿದೆ. ನಷ್ಟವಾದದ್ದು ಬೇಗ ಕೊಂಡದ್ದರಿಂದ. ಡೆಸ್ಕ್‌ಟಾಪ್ ಏಳು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 7,000 ರೂಪಾಯಿ ಸವೆತ. ಹಳೆಯದು ಕಡಿಮೆಯೆಂದರೂ ಇನ್ನು ಮೂರು ವರ್ಷ ಓಡುತ್ತಿತ್ತು. ಅಲ್ಲಿಗೆ ಸುಮ್ಮನೆ ಸವೆದದ್ದು 21,000. ಮೂರು ಫಾರ್ಮ್ಯಾಟಿಗೆ 2,100, ತಂತ್ರಾಂಶಕ್ಕೆ 1,499, ಅಳಿಸಿಹೋದ ಡಿ ಡ್ರೈವಿನಿಂದ ಫೈಲು ಹೆಕ್ಕಿಸಲು 8,500. ಒಟ್ಟು 33,099. ಅದರಿಂದ 1,750 ಕಳೆದರೆ, ಪರೀಕ್ಷೆ ಮಾಡಿಸದೇ ಇದ್ದದ್ದಕ್ಕೆ ತೆತ್ತ ಬೆಲೆ 31,349 ರೂಪಾಯಿ. ಇದೇ ಹಣವನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ಎಂಬ ಲೆಕ್ಕವನ್ನು ಬೇಕೆಂದೇ ಸೇರಿಸಿಲ್ಲ.

ಹೆಕ್ಕಿ ತೆಗೆದವರಿಗೆ ಸಿಕ್ಕಿದ್ದು ಮೂರರಲ್ಲಿ ಎರಡು ಪಾಲು. ತಾಯಿಯ ಫೋಟೊಗಳು ಬಂದವು. ಬಿಲ್ಲುಗಳು ಬರಲಿಲ್ಲ. ಕ್ವಿಕ್ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕಿನಲ್ಲಿ, ಮೇಲೆ ಹೊಸದೇನೂ ಬರೆದಿರದಿದ್ದರೆ, ಹಳೆಯದು ಬಹುಮಟ್ಟಿಗೆ ಉಳಿದಿರುತ್ತದೆ. ಎಸ್‌ಎಸ್‌ಡಿ ಆಗಿದ್ದರೆ ಆ ಆಸೆಯನ್ನೂ ಬಿಡಬೇಕಾಗುತ್ತಿತ್ತು. ಮುಂದೆ ಮನೆ ಮಾರುವ ದಿನ ಬಂದರೆ ವಿಸ್ತರಣೆಯ ಖರ್ಚಿಗೆ ದಾಖಲೆ ತೋರಿಸಲಾಗುವುದಿಲ್ಲ. ಅದರಿಂದ ಮಾರಾಟದ ಲಾಭದ ಮೇಲೆ ಹೆಚ್ಚಾಗಿ ಬೀಳುವ ತೆರಿಗೆ ಮೇಲಿನ ಲೆಕ್ಕದಲ್ಲಿಲ್ಲ.

ಸೆಪ್ಟೆಂಬರ್‌ನಲ್ಲಿ ತಂಗಿಯ ಮಗ ಬಂದವನು ಹಳೆಯ ಡಬ್ಬ ಬಿಚ್ಚಿದ. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಹಾಕಿ ಬೂಟ್ ಮಾಡಿದ, ಮೆಮೊರಿ ಪರೀಕ್ಷಿಸುವ ಈ ತಂತ್ರಾಂಶ ಉಚಿತ. ನಾಲ್ಕು ನಾಲ್ಕು ಜಿಬಿಯ ಎರಡು ರ‍್ಯಾಮ್‌ಗಳಿದ್ದವು. ಒಂದನ್ನು ತೆಗೆದು ಇನ್ನೊಂದನ್ನು ಓಡಿಸಿದಾಗ ಕೆಲವೇ ನಿಮಿಷಗಳಲ್ಲಿ ಕೆಂಪು ಸಾಲುಗಳು ಬಂದವು. "ದೊಡ್ಡಮ್ಮ, ಇದೊಂದೇ ಹೋಗಿರೋದು" ಎಂದ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ 8 ಜಿಬಿಯ ರ‍್ಯಾಮ್ ಬಂತು, ಕ್ರ್ಯಾಶ್ ನಿಂತಿತು.

2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕ್ರ್ಯಾಶ್ ಆದವು, ವಿಮಾನ ನಿಲ್ದಾಣಗಳಲ್ಲೂ ನೀಲಿ ಪರದೆಗಳೇ. ಕಂಪನಿ ಸೂಚಿಸಿದ ಪರಿಹಾರ ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಫೈಲನ್ನು ಅಳಿಸುವುದು. ಕಾರಣ ಗೊತ್ತಿದ್ದುದರಿಂದ ಫಾರ್ಮ್ಯಾಟಿನ ಮಾತೇ ಬರಲಿಲ್ಲ. ಮನೆಯ ಕಂಪ್ಯೂಟರಿಗೂ ಮೊದಲು ಕಾರಣ ಹುಡುಕಬೇಕು. ಅದಕ್ಕೂ ಮೊದಲು ಫೈಲುಗಳನ್ನು ಹೊರಗೆ ತೆಗೆಯಬೇಕು. ಕರೆಂಟ್ ಬಿಲ್ ಕಟ್ಟುವ ದಿನವೇ ತಿಂಗಳಿಗೊಮ್ಮೆ ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಕೇಬಲ್ ಕಿತ್ತಿಡಿ. ಬಿಟ್ಟರೆ ಸಿಡಿಲಿಗೋ ವೈರಸ್ಸಿಗೋ ಎರಡೂ ಒಟ್ಟಿಗೇ ಹೋಗುತ್ತವೆ.

ಕಳೆದ ತಿಂಗಳು ಪಕ್ಕದ ಮನೆಯ ನಿವೃತ್ತ ಮೇಷ್ಟರ ಕಂಪ್ಯೂಟರೂ ಹೀಗೇ ಕೈಕೊಟ್ಟಿತು. ಲೇಖಕಿ ಅದೇ ಪೆನ್‌ಡ್ರೈವ್ ಒಯ್ದರು. ರ‍್ಯಾಮ್ ಸರಿಯಿತ್ತು, ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ಇನ್ನೊಂದು ಪೆನ್‌ಡ್ರೈವ್‌ನಿಂದ ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಬೂಟ್ ಮಾಡಿ ಪಿಂಚಣಿ ಕಾಗದಗಳು, ಮೊಮ್ಮಕ್ಕಳ ವಿಡಿಯೊಗಳು ಎಲ್ಲವನ್ನೂ ನಕಲು ಮಾಡಲು ಐದು ಗಂಟೆ ಹಿಡಿಯಿತು. ಎಸ್‌ಎಸ್‌ಡಿ ತರಲು ಮೇಷ್ಟರು ಮರುದಿನ ಬೆಳಿಗ್ಗೆ ಹೊರಟರು.